ಪ್ರತಿ ಮಿಡಿತಕ್ಕೂ ಒಂದು ಕೆಲಸ

ಹಳೆಯ ಪ್ರೊಸೆಸರುಗಳ ಜೊತೆಗೆ ಅವುಗಳ ನಿರ್ಮಾಪಕರು ಕೊಡುತ್ತಿದ್ದ ಕೈಪಿಡಿಗಳಲ್ಲಿ ಕೊನೆಯ ಕೆಲವು ಪುಟಗಳು ಕೋಷ್ಟಕಗಳಿಗೆ ಮೀಸಲಾಗಿರುತ್ತಿದ್ದುವು: ಎಡಗಡೆಯ ಅಂಕಣದಲ್ಲಿ ಆದೇಶದ ಹೆಸರು, ಅದರ ಪಕ್ಕದಲ್ಲಿ ಅದನ್ನು ಯಂತ್ರಕ್ಕೆ ತಿಳಿಸುವ ಸಂಕೇತಸಂಖ್ಯೆ, ಅದಾದಮೇಲೆ ಆ ಆದೇಶವು ಮೆಮೊರಿಯಲ್ಲಿ ಹಿಡಿಯುವ ಬೈಟುಗಳ ಲೆಕ್ಕ, ಮತ್ತು ಎಲ್ಲಕ್ಕೂ ಬಲಕ್ಕೆ, ಅವಸರದಲ್ಲಿರುವ ಓದುಗನ ಕಣ್ಣು ಸಾಮಾನ್ಯವಾಗಿ ತಲಪದಿರುವ ಎಡೆಯಲ್ಲಿ, ಇನ್ನೊಂದು ಸಣ್ಣ ಅಂಕಿ. ಆ ಆದೇಶವನ್ನು ನೆರವೇರಿಸಲು ಪ್ರೊಸೆಸರಿನ ಗಡಿಯಾರ ಎಷ್ಟು ಸಲ ಮಿಡಿಯಬೇಕೆಂಬುದನ್ನು ಈ ಅಂಕಿ ಹೇಳುತ್ತದೆ. ಅಸೆಂಬ್ಲಿ ಬರೆಯುವವರು ಆ ಮಿಡಿತವನ್ನು ಸೈಕಲ್ ಎಂದು ಕರೆಯುತ್ತಾರೆ. ಹಳೆಯ ಯಂತ್ರಗಳ ಅಸೆಂಬ್ಲಿ ಭಾಷೆಯನ್ನು ಇಂದು ಕುತೂಹಲದಿಂದ ಕಲಿಯಲು ತೊಡಗುವವರು ಈ ಅಂಕಣವನ್ನು ಮೊದಲು ಅಲಕ್ಷಿಸುತ್ತಾರೆ, ಅನಂತರ ಅದರ ಅಗತ್ಯ ಮನಗಂಡು ಬಾಯಿಪಾಠ ಮಾಡಲು ಹೊರಡುತ್ತಾರೆ, ಕಡೆಗೆ 'ಕೆಲವು ಸಂದರ್ಭಗಳಲ್ಲಿ ಒಂದು ಹೆಚ್ಚು' ಎಂಬ ಅಡಿಟಿಪ್ಪಣಿಗಳ ಮುಳ್ಳಿನಲ್ಲಿ ಸಿಕ್ಕಿ ಬೇಸರಪಡುತ್ತಾರೆ. ಆ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕಾಗಿಯೇ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದೊಂದು ಮಿಡಿತದಲ್ಲಿ ಪ್ರೊಸೆಸರು ಏನನ್ನು ಮಾಡುತ್ತಿದೆಯೆಂಬುದನ್ನು ಅರಿತವನಿಗೆ ಅಂಕಿ ತಾನಾಗಿ ಒದಗುತ್ತದೆ, ಅಡಿಟಿಪ್ಪಣಿಗಳೂ ಅವನಿಗೆ ಅಪವಾದಗಳಾಗಿ ಕಾಣುವುದಿಲ್ಲ.

ಇದನ್ನು ತೋರಿಸಲು 6502 ಎಂಬ ಪ್ರೊಸೆಸರಿಗಿಂತ ಉತ್ತಮವಾದ ಉದಾಹರಣೆ ದೊರೆಯಲಾರದು. ಅಮೆರಿಕದ ಮಾಸ್ ಟೆಕ್ನಾಲಜಿ ಎಂಬ ಸಂಸ್ಥೆಯಲ್ಲಿ ಚಕ್ ಪೆಡಲ್, ಬಿಲ್ ಮೆನ್ಷ್ ಮೊದಲಾದವರ ಕೈಯಲ್ಲಿ ರೂಪುಗೊಂಡ ಈ ಚಿಪ್ಪು 1975ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನಡೆದ ವೆಸ್ಕಾನ್ ಪ್ರದರ್ಶನದ ಕಾಲಕ್ಕೆ, ಕೇವಲ 25 ಡಾಲರಿಗೆ ಮಾರಾಟಕ್ಕೆ ಬಂದಾಗ ಆ ಬೆಲೆಯನ್ನು ನಂಬದವರೇ ಬಹುಮಂದಿ. ಮುಂದಿನ ಹತ್ತು ವರ್ಷಗಳಲ್ಲಿ ಇದೇ ಚಿಪ್ಪು, ಅಥವಾ ಇದರ ಸೋದರ ರೂಪಗಳು, ಆಪಲ್ 2, ಅಟಾರಿ 2600, ಕಮಡೋರ್ 64, ಬಿಬಿಸಿ ಮೈಕ್ರೊ ಮುಂತಾದ ಯಂತ್ರಗಳ ಹೃದಯವಾಯಿತು. ಇವುಗಳಲ್ಲಿ ಕೊನೆಯದು 1980ರ ದಶಕದ ನಡುವೆ 'ಕ್ಲಾಸ್' ಯೋಜನೆಯ ಮೂಲಕ ಭಾರತದ ಶಾಲೆಗಳಿಗೂ ಬಂದಿತು. ಸುಮಾರು 3,500 ಟ್ರಾನ್ಸಿಸ್ಟರುಗಳು ಮಾತ್ರವಿದ್ದ ಈ ಚಿಪ್ಪಿನಲ್ಲಿ ವ್ಯರ್ಥಕ್ಕೆ ಅವಕಾಶವೇ ಇರಲಿಲ್ಲ. ಅದರ ವಿನ್ಯಾಸಕರು ಅನುಸರಿಸಿದ ಮಿತವ್ಯಯದಿಂದ ಒಂದು ಸರಳವಾದ ನಿಯಮ ಹುಟ್ಟಿತು, ಮತ್ತು ಆ ನಿಯಮವೇ ಈ ಅಧ್ಯಾಯದ ಬೀಗದಕೈ: 6502 ತನ್ನ ಪ್ರತಿಯೊಂದು ಮಿಡಿತದಲ್ಲಿಯೂ ಮೆಮೊರಿಯಿಂದ ಒಂದು ಬೈಟನ್ನು ಓದುತ್ತದೆ, ಇಲ್ಲವೆ ಮೆಮೊರಿಗೆ ಒಂದು ಬೈಟನ್ನು ಬರೆಯುತ್ತದೆ. ಇವೆರಡನ್ನೂ ಮಾಡದೆ ಸುಮ್ಮನಿರುವ ಮಿಡಿತ ಅದಕ್ಕಿಲ್ಲ.

ಈ ನಿಯಮವನ್ನು ಕೈಯಲ್ಲಿ ಹಿಡಿದು ಎಲ್‌ಡಿಎ ಎಂಬ ಆದೇಶವನ್ನು, ಎಂದರೆ ಎ ಎಂಬ ರಿಜಿಸ್ಟರಿಗೆ ಒಂದು ಬೈಟನ್ನು ತುಂಬುವ ಆದೇಶವನ್ನು, ನೋಡೋಣ. ತುಂಬಬೇಕಾದ ಬೆಲೆ ಆದೇಶದ ಬೆನ್ನಿಗೇ ಬರೆದಿದ್ದರೆ ಪ್ರೊಸೆಸರು ಮೊದಲ ಮಿಡಿತದಲ್ಲಿ ಆದೇಶದ ಸಂಕೇತವನ್ನು ಓದುತ್ತದೆ, ಎರಡನೆಯದರಲ್ಲಿ ಬೆಲೆಯನ್ನು ಓದುತ್ತದೆ, ಒಟ್ಟು 2. ಬೆಲೆಯು ಮೆಮೊರಿಯ ಮೊದಲ 256 ಬೈಟುಗಳಲ್ಲಿ, ಎಂದರೆ ಶೂನ್ಯಪುಟವೆಂದು ಹೆಸರಾದ ಭಾಗದಲ್ಲಿ ಇದ್ದರೆ, ಅದರ ವಿಳಾಸಕ್ಕೆ ಒಂದೇ ಬೈಟು ಸಾಕು. ಆದುದರಿಂದ ಸಂಕೇತಕ್ಕೊಂದು, ವಿಳಾಸಕ್ಕೊಂದು, ಬೆಲೆಗೊಂದು, ಒಟ್ಟು 3. ಬೆಲೆಯು ಬೇರೆಲ್ಲಿಯಾದರೂ ಇದ್ದರೆ ವಿಳಾಸವು ಎರಡು ಬೈಟುಗಳಷ್ಟಾಗಿ ಲೆಕ್ಕ 4ಕ್ಕೆ ಏರುತ್ತದೆ. ಕೋಷ್ಟಕದಲ್ಲಿ ಒಂದರ ಕೆಳಗೊಂದು ನಿರ್ಜೀವವಾಗಿ ಕುಳಿತಿದ್ದ 2, 3, 4 ಎಂಬ ಅಂಕಿಗಳು ಓದಬೇಕಾದ ಬೈಟುಗಳ ಎಣಿಕೆಯಲ್ಲದೆ ಮತ್ತೇನೂ ಅಲ್ಲವೆಂಬುದು ಆಗ ಹೊಳೆಯುತ್ತದೆ. ಹಾಗಾದರೆ ಏನನ್ನೂ ಮಾಡದ ಎನ್‌ಒಪಿ ಎಂಬ ಆದೇಶಕ್ಕೆ ಒಂದೇ ಮಿಡಿತ ಸಾಲಬೇಕಾಗಿತ್ತಲ್ಲವೆ, ಅದರ ಮುಂದೆಯೂ 2 ಎಂದೇಕೆ ಬರೆದಿದೆ? ಆದೇಶವೊಂದರ ಸಂಕೇತವನ್ನು ಓದಿದ ಮಿಡಿತದಲ್ಲಿ ಪ್ರೊಸೆಸರಿಗೆ ಅದರ ಅರ್ಥ ಇನ್ನೂ ತಿಳಿದಿರುವುದಿಲ್ಲ; ಅರ್ಥವನ್ನು ಬಿಡಿಸುತ್ತಿರುವ ಎರಡನೆಯ ಮಿಡಿತದಲ್ಲಿ ಅದು ನಿಯಮಕ್ಕೆ ತಲೆಬಾಗಿ ಮುಂದಿನ ಬೈಟನ್ನು ಓದಿಯೇ ಓದುತ್ತದೆ, ಬೇಡವೆಂದು ಗೊತ್ತಾದಮೇಲೆ ಅದನ್ನು ಬಿಟ್ಟುಬಿಡುತ್ತದೆ. 6502ರಲ್ಲಿ 2ಕ್ಕಿಂತ ಕಡಮೆ ಕಾಲ ಹಿಡಿಯುವ ಆದೇಶವೇ ಇಲ್ಲದಿರುವುದಕ್ಕೆ ಕಾರಣವಿದು.

ಅಡಿಟಿಪ್ಪಣಿಗಳ ಒಗಟೂ ಇದೇ ಬಗೆಯಲ್ಲಿ ಬಿಡುತ್ತದೆ. ಮೆಮೊರಿಯ ವಿಳಾಸಕ್ಕೆ ಎಕ್ಸ್ ಎಂಬ ರಿಜಿಸ್ಟರಿನ ಬೆಲೆಯನ್ನು ಕೂಡಿ, ಕೂಡಿ ಬಂದ ವಿಳಾಸದಿಂದ ಓದುವ ಆದೇಶಕ್ಕೆ ಕೈಪಿಡಿಯು 4 ಎಂದು ಹೇಳಿ, ಪುಟದ ಗಡಿಯನ್ನು ದಾಟಿದರೆ 5 ಎಂದು ಕೆಳಗೆ ಸೇರಿಸುತ್ತದೆ. ಪುಟವೆಂದರೆ 256 ಬೈಟುಗಳ ಒಂದು ಖಂಡ. ವಿಳಾಸದ ಮೇಲಿನ ಬೈಟು ಪುಟವನ್ನೂ ಕೆಳಗಿನ ಬೈಟು ಪುಟದೊಳಗಿನ ಸ್ಥಾನವನ್ನೂ ಸೂಚಿಸುತ್ತವೆ. 6502 ಎಂಟು ಬಿಟ್ಟುಗಳನ್ನು ಮಾತ್ರ ಒಮ್ಮೆಗೆ ಕೂಡಬಲ್ಲುದು. ಶಾಲೆಯ ಹುಡುಗನು ಬಿಡಿಯ ಸ್ಥಾನವನ್ನು ಮೊದಲು ಕೂಡಿ, ಕೈಯಲ್ಲಿ ಉಳಿದ ಒಂದನ್ನು ಹತ್ತರ ಸ್ಥಾನಕ್ಕೆ ಒಯ್ಯುವಂತೆ, ಅದೂ ಕೆಳಗಿನ ಬೈಟಿಗೆ ಎಕ್ಸನ್ನು ಮೊದಲು ಕೂಡುತ್ತದೆ. ಈ ಸಂಕಲನವು ವಿಳಾಸದ ಮೇಲಿನ ಬೈಟು ಓದಲ್ಪಡುತ್ತಿರುವ ಮೂರನೆಯ ಮಿಡಿತದಲ್ಲಿಯೇ ಮುಗಿದುಹೋಗುವುದರಿಂದ ಅದಕ್ಕೆ ಪ್ರತ್ಯೇಕ ಕಾಲ ಬೇಕಾಗುವುದಿಲ್ಲ. ನಾಲ್ಕನೆಯ ಮಿಡಿತದಲ್ಲಿ, ಕೈಯಲ್ಲಿ ಒಂದು ಉಳಿದಿಲ್ಲವೆಂಬ ನಂಬಿಕೆಯಿಂದ, ಪ್ರೊಸೆಸರು ಆ ವಿಳಾಸದಿಂದ ಓದಿಬಿಡುತ್ತದೆ. ನಂಬಿಕೆ ನಿಜವಾದರೆ ಕೆಲಸ ಅಲ್ಲಿಗೆ ಮುಗಿಯಿತು. ಸುಳ್ಳಾದರೆ ಓದಿದ್ದು ಹಿಂದಿನ ಪುಟದ ತಪ್ಪು ಬೈಟು. ಮೇಲಿನ ಬೈಟಿಗೆ ಒಂದನ್ನು ಸೇರಿಸಿ ಐದನೆಯ ಮಿಡಿತದಲ್ಲಿ ಮತ್ತೊಮ್ಮೆ ಓದಬೇಕು.

ಇದನ್ನು ಗ್ರಹಿಸಿದವನು ಮುಂದಿನ ಸಾಲಿಗೆ ಬಂದಾಗ ಇನ್ನೊಂದು ವಿಶೇಷವನ್ನು ಕಾಣುತ್ತಾನೆ. ಅದೇ ವಿಳಾಸಕ್ರಮದಲ್ಲಿ ಬರೆಯುವ ಎಸ್‌ಟಿಎ ಎಂಬ ಆದೇಶಕ್ಕೆ ಪುಟ ದಾಟಲಿ, ದಾಟದಿರಲಿ, ಸದಾ 5 ಸೈಕಲ್. ತಪ್ಪು ಸ್ಥಳದಿಂದ ಓದಿದರೆ ಓದಿದ್ದನ್ನು ಮರೆತು ಮತ್ತೆ ಓದಬಹುದು; ತಪ್ಪು ಸ್ಥಳದಲ್ಲಿ ಬರೆದರೆ ಅಲ್ಲಿದ್ದ ಬೆಲೆ ನಾಶವಾಯಿತು. ಆದುದರಿಂದ ಬರೆಯುವ ಮುನ್ನ ವಿಳಾಸ ಸರಿಯಾಗುವವರೆಗೆ ಪ್ರೊಸೆಸರು ಯಾವಾಗಲೂ ಕಾಯುತ್ತದೆ. ಇಂಥ ಎಡೆಗಳಲ್ಲಿ ಕೋಷ್ಟಕದ ಅಂಕಿಯ ಹಿಂದೆ ವಿನ್ಯಾಸಕನ ವಿವೇಕ ಕೆಲಸ ಮಾಡುತ್ತಿರುವುದನ್ನು ಕಂಡು ನನಗೆ ಇಂದಿಗೂ ಸಂತೋಷವಾಗುತ್ತದೆ.

ಮೆಮೊರಿಯಲ್ಲಿರುವ ಬೆಲೆಯನ್ನು ಒಂದರಷ್ಟು ಹೆಚ್ಚಿಸುವ ಐಎನ್‌ಸಿ ಆದೇಶದಲ್ಲಿ ಇನ್ನೂ ಸೋಜಿಗದ ಸಂಗತಿಯಿದೆ. ಶೂನ್ಯಪುಟದಲ್ಲಿ ಇದಕ್ಕೆ 5 ಸೈಕಲ್: ಸಂಕೇತವನ್ನು ಓದುವುದು, ವಿಳಾಸವನ್ನು ಓದುವುದು, ಬೆಲೆಯನ್ನು ಓದುವುದು, ಹೊಸ ಬೆಲೆಯನ್ನು ಬರೆಯುವುದು, ಇಷ್ಟೂ ಸೇರಿ ನಾಲ್ಕೇ ಆಗುತ್ತದೆ. ಉಳಿದ ಒಂದು, ಒಳಗೆ ಕೂಡುವ ಕೆಲಸ ನಡೆಯುತ್ತಿರುವ ಮಿಡಿತ. ಆ ಮಿಡಿತದಲ್ಲಿಯೂ ಏನನ್ನಾದರೂ ಓದಲೇಬೇಕು ಅಥವಾ ಬರೆಯಲೇಬೇಕಾದ್ದರಿಂದ ಪ್ರೊಸೆಸರು ಹಳೆಯ ಬೆಲೆಯನ್ನೇ ಅದೇ ಸ್ಥಳಕ್ಕೆ ಮತ್ತೆ ಬರೆಯುತ್ತದೆ. ಸಾಮಾನ್ಯ ಮೆಮೊರಿಯಲ್ಲಿ ಇದರಿಂದ ಯಾವ ಪರಿಣಾಮವೂ ಇಲ್ಲ. ಆದರೆ ಕಮಡೋರ್ 64 ಯಂತ್ರದಲ್ಲಿ ಚಿತ್ರಗಳನ್ನು ಮೂಡಿಸುವ ವಿಐಸಿ ಚಿಪ್ಪು ತಾನು ಕಳುಹಿಸಿದ ಅಡ್ಡಕರೆಯ, ಎಂದರೆ ಇಂಟರಪ್ಟಿನ, ಗುರುತನ್ನು ಒಂದು ರಿಜಿಸ್ಟರಿನಲ್ಲಿ ಇಟ್ಟುಕೊಂಡಿರುತ್ತದೆ, ಆ ಗುರುತಿನ ಬಿಟ್ಟನ್ನೇ ಅಲ್ಲಿ ತಿರುಗಿ ಬರೆದರೆ ಅದನ್ನು ಅಳಿಸುತ್ತದೆ. ಎ, ಎಕ್ಸ್, ವೈ ಎಂಬ ಮೂರು ರಿಜಿಸ್ಟರುಗಳಲ್ಲಿ ಒಂದನ್ನೂ ಮುಟ್ಟದೆ ಈ ಗುರುತನ್ನು ಅಳಿಸಲು ಪ್ರೋಗ್ರಾಮರುಗಳು ಆ ರಿಜಿಸ್ಟರಿನ ಮೇಲೆ ಐಎನ್‌ಸಿ ಪ್ರಯೋಗಿಸುತ್ತಿದ್ದರು. ಅವರಿಗೆ ಬೇಕಾಗಿದ್ದುದು ಹೆಚ್ಚಿಸುವ ಕೆಲಸವಲ್ಲ. ನಡುವೆ ನಡೆಯುವ ಆ ಹಳೆಯ ಬೆಲೆಯ ಮರುಬರಹ.

ಇನ್ನು ಕವಲಿನ ಆದೇಶಗಳಿಗೆ ಬರೋಣ. 'ಸೊನ್ನೆಯಾಗದಿದ್ದರೆ ಅಲ್ಲಿಗೆ ಹೋಗು' ಎನ್ನುವ ಬಿಎನ್‌ಇ ಆದೇಶವು ಕವಲು ಹಿಡಿಯದಿದ್ದರೆ 2, ಹಿಡಿದರೆ 3, ಹಿಡಿದು ಇನ್ನೊಂದು ಪುಟಕ್ಕೆ ಹಾರಿದರೆ 4 ಸೈಕಲ್ ಹಿಡಿಯುತ್ತದೆ. ಸಂಕೇತವನ್ನೂ ಹಾರುವ ದೂರವನ್ನೂ ಓದಲು ಎರಡು. ಆ ದೂರವನ್ನು ವಿಳಾಸದ ಕೆಳಗಿನ ಬೈಟಿಗೆ ಕೂಡಲು ಒಂದು. ಮೇಲಿನ ಬೈಟನ್ನು ತಿದ್ದಬೇಕಾಗಿ ಬಂದರೆ ಮತ್ತೊಂದು. ಕಾಲವನ್ನು ಕಳೆಯುವುದಕ್ಕಾಗಿಯೇ ಬರೆಯುವ ಅತ್ಯಂತ ಚಿಕ್ಕ ಸುತ್ತು ಹೀಗಿರುತ್ತದೆ: ಎಕ್ಸಿನಲ್ಲಿ ಒಂದು ಬೆಲೆಯನ್ನು ತುಂಬು, ಅದನ್ನು ಒಂದರಷ್ಟು ಇಳಿಸು, ಸೊನ್ನೆಯಾಗದಿದ್ದರೆ ಇಳಿಸುವಲ್ಲಿಗೆ ಹಿಂದಿರುಗು. ತುಂಬಲು 2, ಪ್ರತಿ ಸುತ್ತಿಗೆ ಇಳಿಸಲು 2, ಹಿಂದಿರುಗಲು 3, ಕೊನೆಯ ಸುತ್ತಿನಲ್ಲಿ ಹಿಂದಿರುಗದೆ ಮುಂದುವರಿಯುವುದರಿಂದ ಒಂದು ಉಳಿತಾಯ. ಸುತ್ತುಗಳ ಸಂಖ್ಯೆಯನ್ನು 5ರಿಂದ ಗುಣಿಸಿ 1 ಕೂಡಿದರೆ ಒಟ್ಟು ಸೈಕಲ್ ದೊರೆಯುತ್ತದೆ. 256 ಸುತ್ತುಗಳಿಗೆ ಇದು 1,281. ಇದೇ ಮೂರು ಆದೇಶಗಳನ್ನು, ಒಂದು ಬೈಟನ್ನೂ ಬದಲಿಸದೆ, ಹಿಂದಿರುಗುವ ಹಾರಿಕೆ ಪುಟದ ಗಡಿಯನ್ನು ದಾಟುವಂತೆ ಮೆಮೊರಿಯಲ್ಲಿ ಸ್ವಲ್ಪ ಸರಿಸಿ ಇಟ್ಟರೆ ಲೆಕ್ಕವು 1,536 ಆಗುತ್ತದೆ. ಮೇಲೆ ಎಲ್ಲಿಯೋ ಸಂಬಂಧವಿಲ್ಲದ ಒಂದು ಸಾಲನ್ನು ಸೇರಿಸಿದ ಮಾತ್ರಕ್ಕೆ ಕೆಳಗಿನ ಸುತ್ತು ಸುಮಾರು ಐದರಲ್ಲೊಂದು ಭಾಗದಷ್ಟು ನಿಧಾನವಾಗುವ ಈ ಚೋದ್ಯವು ಅರಿಯದವನನ್ನು ದಿನಗಟ್ಟಲೆ ಕಾಡುತ್ತದೆ.

ನಿಖರವಾದ ಕಾಲವನ್ನು ಕಳೆಯುವ ಕಲೆಗೂ ಒಂದು ಸೊಗಸಾದ ಗಣಿತವಿದೆ. ಒಂದು ಸೈಕಲನ್ನು ಮಾತ್ರ ಕಳೆಯುವ ಉಪಾಯ 6502ರಲ್ಲಿ ಇಲ್ಲ. ಎನ್‌ಒಪಿ ಎರಡನ್ನು ಕಳೆಯುತ್ತದೆ, ಶೂನ್ಯಪುಟದಿಂದ ಸುಮ್ಮನೆ ಒಂದು ಬೈಟನ್ನು ಪರೀಕ್ಷಿಸುವ ಆದೇಶ ಮೂರನ್ನು ಕಳೆಯುತ್ತದೆ. ಎರಡು ಮತ್ತು ಮೂರುಗಳಿಂದ ಒಂದನ್ನುಳಿದು ಯಾವ ಸಂಖ್ಯೆಯನ್ನಾದರೂ ಕಟ್ಟಬಹುದು. ಉಪಕ್ರಮವೊಂದನ್ನು, ಎಂದರೆ ಸಬ್‌ರುಟೀನನ್ನು, ಕರೆದು ತಕ್ಷಣ ಹಿಂದಿರುಗಿದರೆ ಹೋಗಲು 6, ಬರಲು 6, ಒಟ್ಟು 12 ಕಳೆದಂತಾಯಿತು.

ಇಷ್ಟು ಸೂಕ್ಷ್ಮವಾದ ಲೆಕ್ಕ ಯಾರಿಗೆ ಬೇಕಾಗಿತ್ತು? 1977ರ ಅಟಾರಿ 2600 ಯಂತ್ರಕ್ಕೆ ಆಟಗಳನ್ನು ಬರೆದವರನ್ನು ನೆನೆದರೆ ಉತ್ತರ ದೊರೆಯುತ್ತದೆ. ಆ ಯಂತ್ರದಲ್ಲಿದ್ದ ಬರೆಯಬಲ್ಲ ಮೆಮೊರಿ 128 ಬೈಟುಗಳು. ಅದರ ಪರದೆಯ ಅಡ್ಡಳತೆ 160 ಬಿಂದುಗಳು, ವಾಡಿಕೆಯ ಎತ್ತರ 192 ಸಾಲುಗಳು. ಬಿಂದುವೊಂದಕ್ಕೆ ಒಂದೇ ಬಿಟ್ಟನ್ನು ಕೊಟ್ಟರೂ ಇಡೀ ಚಿತ್ರಕ್ಕೆ 3,840 ಬೈಟುಗಳು ಬೇಕಾಗುತ್ತಿದ್ದುವು. ಚಿತ್ರವನ್ನು ಇಡಲು ಸ್ಥಳವೇ ಇಲ್ಲದ ಯಂತ್ರದಲ್ಲಿ ಚಿತ್ರ ಮೂಡುವ ಬಗೆ ಒಂದೇ: ಟೆಲಿವಿಷನ್ನಿನ ಎಲೆಕ್ಟ್ರಾನ್ ಕಿರಣವು ಗಾಜಿನ ಹಿಂಬದಿಯಲ್ಲಿ ಎಡದಿಂದ ಬಲಕ್ಕೆ ಸಾಲುಸಾಲಾಗಿ ಸಾಗುತ್ತಿರುವಾಗ, ಅದು ಒಂದು ಸ್ಥಳವನ್ನು ತಲಪುವ ಮುನ್ನ, ಆ ಸ್ಥಳದಲ್ಲಿ ಏನು ಕಾಣಬೇಕೆಂಬುದನ್ನು ಪ್ರೋಗ್ರಾಮು ಚಿತ್ರದ ಚಿಪ್ಪಿಗೆ ತಿಳಿಸಬೇಕು. ಅಮೆರಿಕದ ಟೆಲಿವಿಷನ್ ಪದ್ಧತಿಗೆ ಹೊಂದಿಸಿದ ಯಂತ್ರದಲ್ಲಿ ಒಂದು ಸಾಲಿಗೆ 228 ವರ್ಣಮಿಡಿತಗಳು. ಪ್ರೊಸೆಸರಿನ ಒಂದು ಸೈಕಲಿಗೆ ಅಂಥವು ಮೂರು. ಆದುದರಿಂದ ಸಾಲೊಂದಕ್ಕೆ ಪ್ರೊಸೆಸರಿಗೆ ಸಿಗುವುದು 76 ಸೈಕಲ್. ಅದಕ್ಕಿಂತ ಒಂದೂ ಹೆಚ್ಚಿಲ್ಲ.

ಈ 76ರ ಒಳಗೆ ಜೀವನ ನಡೆಸುವ ಪರಿ ಹೇಗೆಂಬುದನ್ನು ಹತ್ತಿರದಿಂದ ನೋಡಬೇಕು. ಆಟದ ಹಿನ್ನೆಲೆಯ ಗೋಡೆ, ಬಂಡೆ, ಮರಗಳನ್ನು ಬಿಡಿಸುವ ಮೂರು ರಿಜಿಸ್ಟರುಗಳಲ್ಲಿ ಒಟ್ಟು 20 ಬಿಟ್ಟುಗಳಿವೆ. ಅವು ಪರದೆಯ ಎಡಾರ್ಧವನ್ನು ತುಂಬುತ್ತವೆ, ಬಲಾರ್ಧದಲ್ಲಿ ಅದೇ ಚಿತ್ರ ಪುನರಾವರ್ತನೆಯಾಗುತ್ತದೆ ಅಥವಾ ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡುತ್ತದೆ. ಎರಡು ಅರ್ಧಗಳೂ ಬೇರೆಬೇರೆಯಾಗಿರಬೇಕೆಂದರೆ ಮೂರೂ ರಿಜಿಸ್ಟರುಗಳಿಗೆ ಕಿರಣವು ಸಾಲಿನ ನಡುವೆ ಇರುವಾಗಲೇ ಎರಡನೆಯ ಸಲ ಬರೆಯಬೇಕು. ಕೋಷ್ಟಕದಿಂದ ಒಂದು ಬೈಟನ್ನು ತರಲು 4, ಶೂನ್ಯಪುಟದಲ್ಲಿರುವ ರಿಜಿಸ್ಟರಿಗೆ ಬರೆಯಲು 3, ಹೀಗೆ ಆರು ಸಲ, ಒಟ್ಟು 42. ಸಾಲುಗಳ ಎಣಿಕೆಗೆ 5, ಮುಂದಿನ ಸಾಲಿನ ಆರಂಭದವರೆಗೆ ಪ್ರೊಸೆಸರನ್ನು ನಿಲ್ಲಿಸುವ ರಿಜಿಸ್ಟರಿಗೆ ಬರೆಯಲು 3. ಉಳಿದುದು 26, ಆಟಗಾರನ ಆಕೃತಿ, ವೈರಿಯ ಆಕೃತಿ, ಬಣ್ಣಗಳು, ಎಲ್ಲವೂ ಅದರಲ್ಲಿಯೇ ಆಗಬೇಕು. ಆರು ಕೋಷ್ಟಕಗಳನ್ನೂ ಅಜಾಗ್ರತೆಯಿಂದ ಪುಟದ ಗಡಿಯ ಮೇಲೆ ಇಟ್ಟರೆ ಆರು ಸೈಕಲ್ ಆ 26ರಿಂದಲೇ ಹೋಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಈ ಬರಹಗಳು ಸಾಲಿನಲ್ಲಿ ಒಟ್ಟು ಎಷ್ಟು ಕಾಲ ಹಿಡಿಯುತ್ತವೆಂಬುದರ ಜೊತೆಗೆ ಪ್ರತಿಯೊಂದೂ ಯಾವ ಕ್ಷಣದಲ್ಲಿ ನಡೆಯುತ್ತದೆಂಬುದನ್ನೂ ತಿಳಿದಿರಬೇಕು. ಎಡಾರ್ಧದ ತುಣುಕು ಮೂಡಿ ಮುಗಿಯುವ ಮುನ್ನ ಬರೆದರೆ ಎಡಭಾಗ ಕೆಡುತ್ತದೆ. ಬಲಾರ್ಧದ ತುಣುಕು ಆರಂಭವಾದಮೇಲೆ ಬರೆದರೆ ಬಲಭಾಗ ಕೆಡುತ್ತದೆ. ಒಂದು ಸೈಕಲ್ ತಡವಾದರೆ ಪರದೆಯ ಮೇಲೆ ಮೂರು ಬಿಂದುಗಳಷ್ಟು ದೋಷ ಕಣ್ಣಿಗೆ ಬೀಳುತ್ತದೆ. ಕಾಲವು ಇಷ್ಟು ನೇರವಾಗಿ ಸ್ಥಳವಾಗಿ ಪರಿಣಮಿಸುವ ಯಂತ್ರವನ್ನು ನಾನು ಬೇರೊಂದು ಕಾಣೆ.

ಆಪಲ್ 2 ಯಂತ್ರಕ್ಕೆ ಸ್ಟೀವ್ ವೋಜ್ನಿಯಾಕ್ 1978ರಲ್ಲಿ ಒದಗಿಸಿದ ಡಿಸ್ಕ್ ವ್ಯವಸ್ಥೆಯಲ್ಲಿಯೂ ಇದೇ ಶಿಸ್ತು. ಬೇರೆಯವರು ಹತ್ತಾರು ಚಿಪ್ಪುಗಳಿಂದ ಮಾಡಿಸುತ್ತಿದ್ದ ಕೆಲಸವನ್ನು ಅವರು ಪ್ರೊಸೆಸರಿನ ಎಣಿಕೆಗೆ ಒಪ್ಪಿಸಿದರು: ತಿರುಗುತ್ತಿರುವ ಡಿಸ್ಕಿನ ಮೇಲೆ ಬರೆಯುವ ಸುತ್ತು ಪ್ರತಿ 32 ಸೈಕಲಿಗೆ ಸರಿಯಾಗಿ ಒಂದು ಬೈಟನ್ನು ಕೊಡಬೇಕು, 31ಕ್ಕಲ್ಲ, 33ಕ್ಕಲ್ಲ. ಆ ಸುತ್ತಿನ ಕವಲುಗಳು ಪುಟದ ಗಡಿಯನ್ನು ದಾಟದಂತೆ ಅದನ್ನು ಮೆಮೊರಿಯಲ್ಲಿ ಎಚ್ಚರದಿಂದ ಇರಿಸಬೇಕಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ನನ್ನ ದೃಷ್ಟಿಯಲ್ಲಿ ಈ ವಿದ್ಯೆಯ ಅತ್ಯಂತ ರಮಣೀಯವಾದ ಪ್ರಯೋಗ ಕಂಡುಬರುವುದು ಯೂರೋಪಿನ ಕಮಡೋರ್ 64 ಪ್ರೋಗ್ರಾಮರುಗಳಲ್ಲಿ. ಅಲ್ಲಿಯ ಟೆಲಿವಿಷನ್ ಪದ್ಧತಿಯಲ್ಲಿ ಆ ಯಂತ್ರಕ್ಕೆ ಸಾಲೊಂದಕ್ಕೆ 63 ಸೈಕಲ್, ಚಿತ್ರವೊಂದಕ್ಕೆ 312 ಸಾಲು. ಕಿರಣವು ನಿರ್ದಿಷ್ಟ ಸಾಲನ್ನು ತಲಪಿದಾಗ ವಿಐಸಿ ಚಿಪ್ಪು ಪ್ರೊಸೆಸರಿಗೆ ಅಡ್ಡಕರೆ ಕಳುಹಿಸುತ್ತದೆ. ಸಾಲಿನ ನಡುವೆ ನಿಖರವಾದ ಒಂದು ಬಿಂದುವಿನಲ್ಲಿ ಬಣ್ಣ ಬದಲಿಸಬೇಕೆನ್ನುವವನಿಗೆ ಈ ಕರೆ ಸಾಲದು. ಏಕೆಂದರೆ ಕರೆ ಬಂದಾಗ ಪ್ರೊಸೆಸರು ನಡೆಸುತ್ತಿದ್ದ ಆದೇಶವನ್ನು ಮುಗಿಸಿಯೇ ಓಗೊಡುತ್ತದೆ, ಆ ಆದೇಶ ಎರಡು ಸೈಕಲಿನದೂ ಆಗಿರಬಹುದು, ಏಳು ಸೈಕಲಿನದೂ ಆಗಿರಬಹುದು. ಹಾಗಾಗಿ ಬಣ್ಣದ ಅಂಚು ಪ್ರತಿ ಚಿತ್ರದಲ್ಲಿಯೂ ಅತ್ತಿತ್ತ ನಡುಗುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರವನ್ನು ಮೊದಲಿನಿಂದ ಕಡೆಯವರೆಗೆ ಹೇಳುತ್ತೇನೆ. ಮೊದಲ ಕರೆಗೆ ಓಗೊಟ್ಟ ಕೂಡಲೆ ಪ್ರೋಗ್ರಾಮು ಮುಂದಿನ ಸಾಲಿನಲ್ಲಿ ಎರಡನೆಯ ಕರೆಯನ್ನು ಏರ್ಪಡಿಸಿ, ಅದು ಬರುವವರೆಗೆ ಎನ್‌ಒಪಿಗಳನ್ನು ಮಾತ್ರ ನಡೆಸುತ್ತ ಕಾದಿರುತ್ತದೆ. ಎನ್‌ಒಪಿ ಎರಡೇ ಸೈಕಲಿನದಾದ್ದರಿಂದ ಎರಡನೆಯ ಕರೆಯ ಹೊತ್ತಿಗೆ ಅನಿಶ್ಚಯವು ಒಂದೇ ಸೈಕಲಿಗೆ ಇಳಿದಿರುತ್ತದೆ. ಅನಂತರ, ಸಾಲು ಬದಲಾಗುವ ಗಡಿಯ ಮೇಲೆಯೇ ಬೀಳುವಂತೆ ಎಣಿಸಿ ಇಟ್ಟ ಒಂದು ಸಿಎಂಪಿ ಆದೇಶದಿಂದ, ಸಾಲಿನ ಸಂಖ್ಯೆಯನ್ನು ತೋರಿಸುವ ರಿಜಿಸ್ಟರನ್ನು ಎ ರಿಜಿಸ್ಟರಿನಲ್ಲಿ ಇಟ್ಟುಕೊಂಡ ಹಳೆಯ ಸಾಲಿನ ಸಂಖ್ಯೆಯೊಡನೆ ಹೋಲಿಸುತ್ತದೆ. ಈ ಆದೇಶಕ್ಕೆ 4 ಸೈಕಲ್ ಎಂದು ತಿಳಿದಿದ್ದರೆ ಸಾಲದು, ರಿಜಿಸ್ಟರು ಓದಲ್ಪಡುವುದು ಆ ನಾಲ್ಕರಲ್ಲಿ ಕೊನೆಯದರಲ್ಲಿ ಎಂಬುದೂ ತಿಳಿದಿರಬೇಕು. ಒಂದು ಸೈಕಲ್ ಮುಂಚೆ ಬಂದಿದ್ದರೆ ಅಲ್ಲಿ ಹಳೆಯ ಸಂಖ್ಯೆಯೇ ಸಿಗುತ್ತದೆ. ತಡವಾಗಿ ಬಂದಿದ್ದರೆ ಹೊಸದು. ಮುಂದಿನ ಆದೇಶ ಬಿಇಕ್ಯೂ, 'ಸಮವಾಗಿದ್ದರೆ ಹೋಗು'. ಆದರೆ ಹೋಗಬೇಕಾದ ಸ್ಥಳ ಅದರ ಮರುಕ್ಷಣದ ಆದೇಶವೇ! ಸಮವಾದರೂ, ಆಗದಿದ್ದರೂ, ತಲಪುವ ಸ್ಥಳ ಒಂದೇ. ವ್ಯತ್ಯಾಸವಿಷ್ಟೆ: ಕವಲು ಹಿಡಿದರೆ 3 ಸೈಕಲ್, ಹಿಡಿಯದಿದ್ದರೆ 2. ಮುಂಚೆ ಬಂದವನು ಒಂದು ಸೈಕಲ್ ಹೆಚ್ಚು ಕಳೆಯುತ್ತಾನೆ, ತಡವಾಗಿ ಬಂದವನು ಕಳೆಯುವುದಿಲ್ಲ, ಇಬ್ಬರೂ ಸಮನಾಗುತ್ತಾರೆ. ಕೈಪಿಡಿಯ ಅಡಿಟಿಪ್ಪಣಿಯಲ್ಲಿ ತೊಡಕಾಗಿ ಕಂಡಿದ್ದ ಆ ಒಂದು ಸೈಕಲಿನ ಭೇದವೇ ಇಲ್ಲಿ ಉಪಕರಣವಾಯಿತು.

ಈ ಯಂತ್ರದಲ್ಲಿ ಇನ್ನೊಂದು ತೊಡಕೂ ಉಂಟು. ಅಕ್ಷರಗಳನ್ನು ಮೂಡಿಸುವ ಭಾಗದಲ್ಲಿ ಎಂಟು ಸಾಲಿಗೊಮ್ಮೆ ವಿಐಸಿ ಚಿಪ್ಪು ಪ್ರೊಸೆಸರನ್ನು ತಡೆದು 40ರಿಂದ 43 ಸೈಕಲ್‌ಗಳನ್ನು ತಾನು ತೆಗೆದುಕೊಳ್ಳುತ್ತದೆ. 63ರಲ್ಲಿ ಉಳಿಯುವುದು ಇಪ್ಪತ್ತರ ಆಸುಪಾಸು. ಪ್ರೊಸೆಸರಿನ ಕೋಷ್ಟಕವನ್ನು ಎಷ್ಟೇ ಬಲ್ಲವನಾದರೂ ಪಕ್ಕದ ಚಿಪ್ಪಿನ ಹಸಿವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅವನ ಎಣಿಕೆ ತಪ್ಪುತ್ತದೆ.

6502ರ ಪ್ರತಿಸ್ಪರ್ಧಿಗಳಾಗಿದ್ದ ಇಂಟೆಲ್ 8085 ಮತ್ತು ಜೈಲಾಗ್ ಝಡ್80, ಎರಡೂ 1976ರವು, ಬೇರೆ ಮನೆತನಕ್ಕೆ ಸೇರಿದವು. ಅವುಗಳಲ್ಲಿ ಒಂದು ಸಲ ಮೆಮೊರಿಯನ್ನು ಮುಟ್ಟಲು ಒಂದು ಮಿಡಿತ ಸಾಲದು. ಆದೇಶದ ಸಂಕೇತವನ್ನು ತಂದು ಅರ್ಥಮಾಡಿಕೊಳ್ಳಲು ಸಾಮಾನ್ಯವಾಗಿ 4, ಇತರ ಓದು ಬರಹಗಳಿಗೆ ತಲಾ 3. ಇಲ್ಲಿ ಮಿಡಿತಕ್ಕೆ ಟಿ-ಸ್ಟೇಟ್ ಎಂದು ಹೆಸರು. ಮೆಮೊರಿಯ ವಿಳಾಸವೊಂದರಿಂದ ಎ ರಿಜಿಸ್ಟರನ್ನು ತುಂಬುವ ಆದೇಶಕ್ಕೆ ಎರಡರಲ್ಲಿಯೂ 13 ಎಂಬ ವಿಚಿತ್ರವಾದ ಅಂಕಿಯನ್ನು ಕಂಡವರು, ಅದು 4, 3, 3, 3ರ ಮೊತ್ತವೆಂದು ತಿಳಿದಮೇಲೆ ಅದನ್ನು ಮರೆಯುವುದು ಸಾಧ್ಯವಿಲ್ಲ. 1982ರ ಝಡ್‌ಎಕ್ಸ್ ಸ್ಪೆಕ್ಟ್ರಮ್ ಯಂತ್ರದಲ್ಲಿ ಪರದೆಯ 6,144 ಬೈಟುಗಳನ್ನು ತುಂಬಲು ಝಡ್80ರ ಪ್ರಸಿದ್ಧವಾದ ನಕಲು ಆದೇಶವು ಬೈಟಿಗೆ 21 ಟಿ-ಸ್ಟೇಟಿನಂತೆ ಸುಮಾರು 37 ಮಿಲಿಸೆಕೆಂಡ್ ಹಿಡಿಯುತ್ತದೆ. ಆದರೆ ರಾಶಿಗೆ, ಎಂದರೆ ಸ್ಟ್ಯಾಕಿಗೆ, ಎರಡು ಬೈಟುಗಳನ್ನು ಒಟ್ಟಿಗೆ ತಳ್ಳುವ ಪುಷ್ ಆದೇಶಕ್ಕೆ 11 ಮಾತ್ರ. ರಾಶಿಯ ತುದಿಯನ್ನು ಪರದೆಯ ಕೊನೆಗೆ ತಿರುಗಿಸಿ ಪುಷ್ ಮೇಲೆ ಪುಷ್ ಬರೆದವರು ಅದೇ ಕೆಲಸವನ್ನು ಹತ್ತು ಮಿಲಿಸೆಕೆಂಡಿನ ಸುಮಾರಿಗೆ ತಂದರು. ಅಂಕಣದ ಅಂಕಿಗಳನ್ನು ಬೈಟುಗಳಿಂದ ಭಾಗಿಸಿ ನೋಡುವ ಅಭ್ಯಾಸವಿಲ್ಲದವನಿಗೆ ಇದು ಹೊಳೆಯಲಾರದು.

8085ರ ಹೆಸರು ಕರ್ನಾಟಕದ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳಲ್ಲಿ ಓದಿದ ತಲೆಮಾರುಗಳಿಗೆ ಚಿರಪರಿಚಿತ. ಪ್ರಯೋಗಾಲಯದ ಮೇಜಿನ ಮೇಲೆ ಕುಳಿತಿದ್ದ ಆ ಮೈಕ್ರೊಪ್ರೊಸೆಸರ್ ಕಿಟ್ಟಿನ ಕೆಂಪು ಅಂಕಿಗಳನ್ನು ನೋಡುತ್ತ, ಹೆಕ್ಸ್ ಕೀಲಿಗಳನ್ನು ಒತ್ತಿ ಸಂಕೇತಗಳನ್ನು ತುಂಬಿ, ಸ್ಟೆಪರ್ ಮೋಟರನ್ನು ತಿರುಗಿಸಿದವರೂ, ಸಂಚಾರದೀಪಗಳನ್ನು ಸರದಿಯಂತೆ ಬೆಳಗಿಸಿದವರೂ, ತಿಳಿದೋ ತಿಳಿಯದೆಯೋ, ಈ ವಿದ್ಯೆಯ ಬಾಗಿಲಲ್ಲಿ ನಿಂತಿದ್ದವರೇ. ಅಂಥ ಪ್ರಯೋಗಗಳಲ್ಲಿ ಬಳಸುತ್ತಿದ್ದ ವಿಳಂಬದ ಸುತ್ತು ಹೀಗಿತ್ತು: ಬಿ ಮತ್ತು ಸಿ ಜೋಡಿಯಲ್ಲಿರುವ ಹದಿನಾರು ಬಿಟ್ಟಿನ ಸಂಖ್ಯೆಯನ್ನು ಇಳಿಸಲು 6, ಆ ಇಳಿಕೆಯು ಸೊನ್ನೆಯಾಯಿತೆಂಬುದನ್ನು ತಾನಾಗಿ ತಿಳಿಸದಿರುವುದರಿಂದ ಸಿಯನ್ನು ಎಗೆ ತರಲು 4, ಅದನ್ನು ಬಿಯೊಡನೆ 'ಅಥವಾ' ಎಂಬ ತಾರ್ಕಿಕ ಕ್ರಿಯೆಯಿಂದ ಬೆರೆಸಿ ಪರೀಕ್ಷಿಸಲು 4, ಹಿಂದಿರುಗಲು 10. ಒಟ್ಟು 24. ಕಿಟ್ಟಿನ ಸ್ಫಟಿಕವು 6.144 ಮೆಗಾಹರ್ಟ್ಸಿನದಾದರೆ 8085 ಅದನ್ನು ಒಳಗೆ ಅರ್ಧಕ್ಕೆ ಇಳಿಸಿಕೊಂಡು ಸೆಕೆಂಡಿಗೆ 30,72,000 ಸಲ ಮಿಡಿಯುತ್ತದೆ. ಅರ್ಧ ಸೆಕೆಂಡಿಗೆ 15,36,000; ಅದನ್ನು 24ರಿಂದ ಭಾಗಿಸಿದರೆ ಶೇಷವಿಲ್ಲದೆ 64,000; ಹೆಕ್ಸ್ ರೂಪದಲ್ಲಿ ಎಫ್‌ಎ00. ಅನೇಕರು ಆ ಸಂಖ್ಯೆಯನ್ನು ದಾಖಲೆಪುಸ್ತಕದಿಂದ ನಕಲು ಮಾಡಿ ತುಂಬಿದರು, ದೀಪ ಬೆಳಗಿತು, ಅಂಕಗಳೂ ಬಂದುವು. ಅದು ಎಲ್ಲಿಂದ ಬಂದಿತೆಂದು ಭಾಗಿಸಿ ನೋಡಿದವರಿಗೆ ಮಾತ್ರ ಯಂತ್ರ ಒಲಿಯಿತು. ಇನ್ನೂ ಒಂದು ಸೂಕ್ಷ್ಮವಿದೆ: 8085ರ ಹಿಂದಿನ 8080ರಲ್ಲಿ ಷರತ್ತಿನ ಹಾರಿಕೆ ನಡೆಯಲಿ, ಬಿಡಲಿ, 10 ಟಿ-ಸ್ಟೇಟ್ ಹಿಡಿಯುತ್ತಿತ್ತು, 8085ರಲ್ಲಿ ಹಾರದಿದ್ದಾಗ 7. ಹಾರುವುದಿಲ್ಲವೆಂದು ಗೊತ್ತಾದಮೇಲೆ ವಿಳಾಸದ ಎರಡನೆಯ ಬೈಟನ್ನು ಓದುವುದೇಕೆಂದು ಹೊಸ ಚಿಪ್ಪು ಆ ಓದಿನ 3 ಮಿಡಿತಗಳನ್ನು ಬಿಟ್ಟುಬಿಡುತ್ತದೆ.

ಕಲಿಯುವವರಿಗೆ ನಾನು ಸೂಚಿಸುವ ಮಾರ್ಗ ಪೆನ್ಸಿಲ್ಲು ಕಾಗದಗಳಿಂದ ಆರಂಭವಾಗುತ್ತದೆ. ಎಂಟು ಹತ್ತು ಆದೇಶಗಳ ಒಂದು ತುಂಡನ್ನು ಬರೆದು, ಪ್ರತಿ ಮಿಡಿತಕ್ಕೂ ಒಂದು ಸಾಲಿನಂತೆ, ಆಗ ಯಾವ ವಿಳಾಸದಿಂದ ಏನನ್ನು ಓದಿತು, ಎಲ್ಲಿಗೆ ಏನನ್ನು ಬರೆಯಿತು ಎಂಬುದನ್ನು ಗುರುತಿಸಬೇಕು. ಕೋಷ್ಟಕವನ್ನು ಆಮೇಲೆ ತೆರೆದು ಮೊತ್ತವನ್ನು ತಾಳೆನೋಡಬೇಕು. ಅಟಾರಿ 2600ರ ಎಮ್ಯುಲೇಟರಾದ ಸ್ಟೆಲ್ಲಾದ ದೋಷಶೋಧಕವು ಪ್ರತಿ ಆದೇಶದ ಬಳಿಕ ಕಿರಣವು ಯಾವ ಸಾಲಿನಲ್ಲಿ, ಎಷ್ಟನೆಯ ಸೈಕಲಿನಲ್ಲಿ ಇದೆಯೆಂಬುದನ್ನು ತೋರಿಸುವುದರಿಂದ ಕಾಗದದ ಲೆಕ್ಕವನ್ನು ಅಲ್ಲಿ ಹೆಜ್ಜೆಹೆಜ್ಜೆಗೂ ಪರೀಕ್ಷಿಸಬಹುದು. ಕಮಡೋರ್ 64ರಲ್ಲಾದರೆ ಉಪಕ್ರಮದ ಆರಂಭದಲ್ಲಿ ಪರದೆಯ ಅಂಚಿನ ಬಣ್ಣವನ್ನು ಬದಲಿಸಿ ಕೊನೆಯಲ್ಲಿ ಮೊದಲಿನಂತೆ ಮಾಡಿದರೆ, ಆ ಬಣ್ಣದ ಪಟ್ಟಿಯ ಎತ್ತರವೇ ಅದು ಹಿಡಿದ ಕಾಲ: ಹತ್ತು ಸಾಲಿನ ಪಟ್ಟಿ ಎಂದರೆ ಸುಮಾರು 630 ಸೈಕಲ್. ಇನ್ನೂ ಆಳಕ್ಕೆ ಇಳಿಯಬೇಕೆನ್ನುವವರಿಗೆ ವಿಷುವಲ್ 6502 ಎಂಬ ಅಪೂರ್ವವಾದ ಕಾರ್ಯವಿದೆ. ಚಿಪ್ಪಿನ ಹೊದಿಕೆಯನ್ನು ಕರಗಿಸಿ, ಒಳಗಿನ ಪದರಗಳ ಛಾಯಾಚಿತ್ರಗಳನ್ನು ತೆಗೆದು, ಒಂದೊಂದು ತಂತಿಯನ್ನೂ ಟ್ರಾನ್ಸಿಸ್ಟರನ್ನೂ ಗುರುತಿಸಿ ಅದರ ರಚಯಿತರು ಕಟ್ಟಿದ ಪ್ರತಿರೂಪದಲ್ಲಿ, ಪುಟ ದಾಟಿದಾಗ ತಪ್ಪು ವಿಳಾಸ ಹೊರಬರುವುದನ್ನು ಪ್ರತ್ಯಕ್ಷವಾಗಿ ನೋಡಬಹುದು.

ಇಂದಿನ ಮೇಜಿನ ಗಣಕಗಳಲ್ಲಿ ಇಂಥ ಎಣಿಕೆ ನಡೆಯುವುದಿಲ್ಲ. ಅವು ಅನೇಕ ಆದೇಶಗಳನ್ನು ಏಕಕಾಲದಲ್ಲಿ, ಬರೆದ ಕ್ರಮವನ್ನೂ ಮೀರಿ ನಡೆಸುತ್ತವೆ. ಬೇಕಾದ ಬೈಟು ಹತ್ತಿರದ ಕ್ಯಾಶ್ ಮೆಮೊರಿಯಲ್ಲಿದ್ದರೆ ಕೆಲವೇ ಮಿಡಿತಗಳು, ದೂರದ ಮೆಮೊರಿಗೆ ಹೋಗಬೇಕಾದರೆ ನೂರಾರು. ಆದರೆ ಸಣ್ಣ ನಿಯಂತ್ರಕಗಳ ಲೋಕದಲ್ಲಿ ಈ ಲೆಕ್ಕ ಇನ್ನೂ ಜೀವಂತವಾಗಿದೆ. ಅಲಂಕಾರದ ದೀಪಮಾಲೆಗಳಲ್ಲಿ ಬಳಸುವ ಡಬ್ಲ್ಯುಎಸ್2812 ಎಂಬ ಬಣ್ಣದ ಎಲ್‌ಇಡಿಯು ಒಂದೊಂದು ಬಿಟ್ಟನ್ನೂ 1.25 ಮೈಕ್ರೊಸೆಕೆಂಡಿನ ಅವಧಿಯಲ್ಲಿ ನಿರೀಕ್ಷಿಸುತ್ತದೆ. 16 ಮೆಗಾಹರ್ಟ್ಸಿನಲ್ಲಿ ನಡೆಯುವ ಆರ್ಡ್ವಿನೊ ಫಲಕದ ಎವಿಆರ್ ಪ್ರೊಸೆಸರಿಗೆ ಆ ಅವಧಿಯಲ್ಲಿ ಸಿಗುವುದು 20 ಸೈಕಲ್. ತಂತಿಯ ಮಟ್ಟವನ್ನು ಏರಿಸಿ, ಬಿಟ್ಟು ಸೊನ್ನೆಯಾದರೆ ಬೇಗ, ಒಂದಾದರೆ ತಡವಾಗಿ ಇಳಿಸಿ, ಮುಂದಿನ ಬಿಟ್ಟಿಗೆ ಸಿದ್ಧವಾಗುವುದೆಲ್ಲ ಆ ಇಪ್ಪತ್ತರ ಒಳಗೆ. ಎವಿಆರ್ ಪ್ರೊಸೆಸರಿನಲ್ಲಿ ಕವಲಿನ ಆದೇಶಕ್ಕೆ, ಹಿಡಿಯದಿದ್ದರೆ 1 ಸೈಕಲ್, ಹಿಡಿದರೆ 2.